ಪರೀಕ್ಷಿಸಲಾಗಿದೆ, ಸರಿಯಿರುವುದು ಕಂಡುಬಂದಿದೆ

ನಾದಿನಿಗೆ ಸೋಮವಾರ ಇಲಾಖಾ ಪರೀಕ್ಷೆ. ಪಾಸಾದರೆ ಹೆಡ್ ಕ್ಲಾರ್ಕು, ಇಲ್ಲದಿದ್ದರೆ ಇನ್ನೆರಡು ವರ್ಷ ಅದೇ ಕಿಟಕಿ ಪಕ್ಕದ ಕುರ್ಚಿ. ಉಳಿದ ಪತ್ರಿಕೆಗಳನ್ನೆಲ್ಲ ಅರೆದು ಕುಡಿದಿದ್ದಳು, ಇಂಗ್ಲಿಷ್ ಒಂದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಭಾನುವಾರ ಬೆಳಿಗ್ಗೆ ಗೈಡು ಹಿಡಿದು ಅಡುಗೆಮನೆಗೇ ಬಂದು ಕೂತಳು. ಅತ್ತಿಗೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಈ ಗೈಡಲ್ಲಿ ಬರೀ ಬೆಕ್ಕು ಹಾಲು ಕುಡೀತಾ ಇದೆ ಅತ್ತಿಗೆ. ತಿರುಗಿಸಿದ್ರೆ, ಹಾಲು ಬೆಕ್ಕಿನಿಂದ ಕುಡಿಯಲ್ಪಟ್ಟಿತು. ಇದನ್ನ ಯಾವ ಆಫೀಸಲ್ಲಿ ಬರೀತಾರೆ? ನೀವು ದಿನಾ ಬರೆಯೋದ್ರಲ್ಲಿ ಒಂದು ಹೇಳಿ."

ಅತ್ತಿಗೆಗೆ ಅದು ಬಾಯಿಪಾಠ. ಲಿಫ್ಟು ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಇಂಗ್ಲಿಷ್ ಕಾಗದಗಳನ್ನು ಬರೆಯುತ್ತಿದ್ದವಳು ಅವಳೇ. ಆಫೀಸಿನಲ್ಲಿ ಎಲ್ಲರೂ ಲೆಟರಮ್ಮ ಎಂದೇ ಕರೆಯುತ್ತಿದ್ದರು. ಸೇರಿದ ಮೊದಲ ದಿನವೇ ಸಾಹೇಬರು ಒಂದು ಮಾತು ಹೇಳಿಕೊಟ್ಟಿದ್ದರು: ಕಾಗದದಲ್ಲಿ ಮನುಷ್ಯರು ಬರಕೂಡದು. ನಾವು ತಡಮಾಡಿದೆವು ಎಂದು ಬರೆಯುವಂತಿಲ್ಲ, ವಿಳಂಬಕ್ಕೆ ವಿಷಾದಿಸಲಾಗಿದೆ ಎನ್ನಬೇಕು. ವಿಷಾದಿಸಿದವರು ಯಾರೆಂದು ಕೇಳುವ ಹಾಗಿಲ್ಲ. ಮೋಡ ಕವಿದ ಹಾಗೆ ವಿಷಾದವೂ ತನ್ನಷ್ಟಕ್ಕೆ ತಾನೇ ಕವಿಯುತ್ತದೆ. ಅವಳಿಗೆ ಈ ಪದ್ಧತಿ ತುಂಬ ಹಿಡಿಸಿತ್ತು. ಬೀಗ ಹಾಕಿದ ಮೇಲೂ ಮೂರು ಸಲ ಜಗ್ಗಿ ನೋಡುವ ಸ್ವಭಾವದವಳಿಗೆ, ಯಾರೂ ಇಲ್ಲದ ವಾಕ್ಯವೆಂದರೆ ಬೆನ್ನಿಗೆ ಗೋಡೆಯಿದ್ದಂತೆ.

ನಿನ್ನೆಯಷ್ಟೇ ಕಳಿಸಿದ್ದ ವಾಕ್ಯವನ್ನು ಹೇಳಿದಳು: ದ ಬ್ರೇಕ್ಸ್ ಹ್ಯಾವ್ ಬೀನ್ ಇನ್‌ಸ್ಪೆಕ್ಟೆಡ್ ಆಂಡ್ ಫೌಂಡ್ ಟು ಬಿ ಇನ್ ಆರ್ಡರ್. ಎರಡನೇ ನಂಬರಿನ ಲಿಫ್ಟು, ಎಲುಬು ಆಸ್ಪತ್ರೆಯದು.

ನಾದಿನಿ ಪೆನ್ಸಿಲು ಕಚ್ಚಿದಳು. "ಇದನ್ನ ತಿರುಗಿಸ್ಬೇಕಾದ್ರೆ ಮಾಡಿದೋರನ್ನ ಮುಂದೆ ಎಳ್ಕೊಂಡು ಬರ್ಬೇಕು. ಯಾರು ನೋಡಿದ್ದು ಬ್ರೇಕು?"

"ಇನ್ಯಾರು, ಗ್ರೀಸಣ್ಣ," ಎಂದಳು ಅತ್ತಿಗೆ. ಎಂದವಳ ಕೈ ಹುರುಳಿಕಾಯಿಯ ಮೇಲೆಯೇ ನಿಂತುಬಿಟ್ಟಿತು.

ಗ್ರೀಸಣ್ಣನೆಂದರೆ ಕಂಪನಿಯ ಹಳೆಯ ಮೆಕ್ಯಾನಿಕ್ಕು. ಕಾಲು ಉಳುಕಿ ಮನೆಯಲ್ಲಿ ಬಿದ್ದುಕೊಂಡು ಹನ್ನೆರಡು ದಿನವಾಗಿತ್ತು.

ಕ್ರಮವೇನೋ ಸರಿಯಾಗಿಯೇ ಇತ್ತು. ಮೆಕ್ಯಾನಿಕ್ಕುಗಳು ಪ್ರತಿ ತಿಂಗಳೂ ಪ್ರತಿಯೊಂದು ಕಟ್ಟಡಕ್ಕೂ ಹೋಗಿ ಲಿಫ್ಟು ನೋಡಿ, ಒಂದು ಹಳದಿ ಕಾರ್ಡಿಗೆ ಟಿಕ್ಕು ಹಾಕಿ ತಂದು ಅವಳ ಮೇಜಿನ ಮೊಳೆಗೆ ಚುಚ್ಚುತ್ತಿದ್ದರು. ಕಾರ್ಡು ನೋಡಿ ಅವಳು ಕಾಗದ ಬರೆಯಬೇಕು. ಆದರೆ ಹದಿನಾಲ್ಕು ವರ್ಷದಲ್ಲಿ ಒಂದು ಕಾರ್ಡಿನಲ್ಲೂ ಬೇರೆ ಮಾತು ಬಂದಿರಲಿಲ್ಲ. ಹಾಗಾಗಿ ಹನ್ನೆರಡು ಕಟ್ಟಡಗಳ ಹನ್ನೆರಡು ಕಾಗದಗಳನ್ನೂ ಕಂಪ್ಯೂಟರಿನಲ್ಲಿ ಸಿದ್ಧವಾಗಿಟ್ಟುಕೊಂಡು, ತಿಂಗಳ ಕೊನೆಗೆ ತಾರೀಖು ಮಾತ್ರ ಬದಲಿಸುತ್ತಿದ್ದಳು. ನಿನ್ನೆ ಮೊಳೆಯಲ್ಲಿದ್ದದ್ದು ಹನ್ನೊಂದು ಕಾರ್ಡು. ಒಂದಕ್ಕೊಂದು ಅಂಟಿಕೊಂಡಿರಬೇಕು ಅಂದುಕೊಂಡು ಹನ್ನೆರಡು ಕಾಗದ ತೆಗೆದಿದ್ದಳು. ಸಾಹೇಬರು ನಿಂತ ಹಾಗೆಯೇ ಹನ್ನೆರಡಕ್ಕೂ ಸಹಿ ಹಾಕಿದ್ದರು.

ಗ್ರೀಸಣ್ಣನಿಗೆ ಫೋನು ಮಾಡಿದಳು. ಎಲುಬು ಆಸ್ಪತ್ರೆಗೆ ಹೋಗಿದ್ದಿರಾ ಎಂದು ಕೇಳಿದರೆ, ಆತ ನಕ್ಕೇಬಿಟ್ಟ. "ಹೋಗ್ಬೇಕಿತ್ತು ಲೆಟರಮ್ಮ, ಪೇಷಂಟಾಗಿ. ಯಾಕೆ, ನನ್ನ ಬದಲಿಗೆ ಯಾರನ್ನೂ ಕಳಿಸ್ಲಿಲ್ವಾ?"

ಯಾರನ್ನೂ ಕಳಿಸಿರಲಿಲ್ಲ. ಆಫೀಸಿನವರು ಆತ ಕಾಲು ಉಳುಕುವ ಮುಂಚೆಯೇ ಹೋಗಿ ಬಂದಿರುತ್ತಾನೆಂದುಕೊಂಡಿದ್ದರು, ಆತ ಆಫೀಸಿನವರು ಇನ್ನೊಬ್ಬರನ್ನು ಕಳಿಸಿರುತ್ತಾರೆಂದುಕೊಂಡಿದ್ದ. ಅದು ಸ್ಟ್ರೆಚರು ಹೋಗುವ ದೊಡ್ಡ ಲಿಫ್ಟು. ಹಿಂದಿನ ತಿಂಗಳೇ ನಿಲ್ಲುವಾಗ ಸ್ವಲ್ಪ ಜಾರುತ್ತಿತ್ತು, ಈ ಸಲ ಬಿಚ್ಚಿ ನೋಡಬೇಕು ಅಂತಿದ್ದೆ ಎಂದು ಗ್ರೀಸಣ್ಣ ಹೇಳಿದಾಗ ಆತನ ದನಿಯಲ್ಲಿ ನಗುವಿರಲಿಲ್ಲ. ಟ್ಯಾಕ್ಸಿ ಹಿಡಿದು ಬರುತ್ತೇನೆ, ಅಷ್ಟರಲ್ಲಿ ಆ ಲಿಫ್ಟು ನಿಲ್ಲಿಸಿ ಎಂದ.

ಸಾಹೇಬರ ಫೋನು ಗಂಟೆ ಹೊಡೆದು ಹೊಡೆದು ಸುಮ್ಮನಾಯಿತು. ಆಸ್ಪತ್ರೆಯ ಫೋನನ್ನೂ ಯಾರೂ ಎತ್ತಲಿಲ್ಲ. ನಾದಿನಿಯೇ ಚಪ್ಪಲಿ ತಂದು ಕಾಲ ಬಳಿ ಇಟ್ಟಳು. "ನೀವು ಹೊರಡಿ ಅತ್ತಿಗೆ, ಹುರುಳಿಕಾಯಿ ನಂಗಿರ್ಲಿ."

ಬಸ್ಸಿನಲ್ಲಿ ಅವಳು ಕೂರಲಿಲ್ಲ, ನಿಂತೇ ಇದ್ದಳು. ಕೆಲಸ ಹೋಗುತ್ತದೆ ಎಂಬ ಭಯ ಒಂದು ಕಡೆ, ಲಿಫ್ಟಿನೊಳಗೆ ಯಾರಿದ್ದಾರೋ ಎಂಬ ಭಯ ಇನ್ನೊಂದು ಕಡೆ. ಮೊದಲನೆಯದು ಎರಡನೆಯದರ ಮುಂದೆ ಎಷ್ಟು ಸಣ್ಣದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಅದು ಸಣ್ಣದಾಗಲಿಲ್ಲ.

ಆಸ್ಪತ್ರೆಯ ಮೇಟ್ರನ್ ದಪ್ಪ ಕನ್ನಡಕದ, ಮಾತಿಗೆ ಬಿಗಿಯಾದ ಹೆಂಗಸು. ಎರಡನೇ ನಂಬರಿನ ಲಿಫ್ಟು ನಿಲ್ಲಿಸಿ ಎಂದರೆ ಕೇಳಲೇ ಇಲ್ಲ. ಮೇಲೆ ನಾಲ್ಕನೇ ಮಹಡಿಗೆ ಹೋಗಬೇಕಾದವರು ಆರು ಮಂದಿ ಸಾಲಾಗಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಮೇಟ್ರನ್ ಫೈಲು ತೆಗೆದು ಕಾಗದವನ್ನು ಬೆರಳಿಟ್ಟು ತೋರಿಸಿದರು.

"ಇಲ್ಲಿದೆಯಲ್ಲಮ್ಮ, ನಿನ್ನೆ ಬಂದಿದ್ದು. ಎಲ್ಲ ನೋಡಿದ್ದಾಗಿದೆ, ಸರಿಯಿದೆ ಅಂತ ನಿಮ್ಮ ಕಂಪನಿಯವರೇ ಬರೆದಿದ್ದಾರೆ."

ಅವಳದೇ ವಾಕ್ಯ. ಅಚ್ಚುಕಟ್ಟಾಗಿ, ಒಂದು ಚುಕ್ಕೆಯೂ ಆಚೀಚೆಯಾಗದೆ, ಅವಳ ಎದುರೇ ನಿಂತು ಅವಳನ್ನೇ ಸುಳ್ಳಿ ಮಾಡುತ್ತಿತ್ತು. ಲಿಫ್ಟಿನ ಬಾಗಿಲು ತೆರೆಯಿತು. ಮೊದಲನೇ ಗಾಲಿಕುರ್ಚಿಯನ್ನು ಆಯಾ ತಳ್ಳತೊಡಗಿದಳು. ವಿಚಾರಿಸಲಾಗುತ್ತಿದೆ, ಕ್ರಮ ಕೈಗೊಳ್ಳಲಾಗುವುದು ಎಂದೆಲ್ಲ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

"ಆ ಕಾಗದ ಬರೆದೋಳು ನಾನು. ಯಾರೂ ಬಂದು ನೋಡಿಲ್ಲ. ನೋಡಿದ್ದಾರೋ ಇಲ್ವೋ ಅಂತ ನಾನು ಕೇಳ್ಲೂ ಇಲ್ಲ."

ಮೇಟ್ರನ್ ಕನ್ನಡಕ ತೆಗೆದು ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆಯಾಳಿಗೆ ಕೈಸನ್ನೆ ಮಾಡಿ, ತಾವೇ ಹೋಗಿ ಗೋಡೆಯ ಕೀಲಿ ತಿರುಗಿಸಿದರು. ಲಿಫ್ಟಿನ ದೀಪ ಆರಿತು.

ಗ್ರೀಸಣ್ಣ ಊರುಗೋಲಿನ ಮೇಲೆ ಬಂದ. ಬೇರೆ ಕಂಪನಿಯವರು ನೋಡಿಕೊಳ್ಳುವ, ಗಾಲಿಕುರ್ಚಿ ಹಿಡಿಸದ ಸಣ್ಣ ಲಿಫ್ಟಿನಲ್ಲಿ ನಾಲ್ಕನೇ ಮಹಡಿಯವರೆಗೆ ಹೋದರು. ಅಲ್ಲಿಂದ ಮೋಟಾರಿನ ಕೋಣೆಗೆ ಹದಿನಾರು ಮೆಟ್ಟಿಲು. ಆತ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೂತ ಹಾಗೆಯೇ ಒಂದೊಂದಾಗಿ ಹಿಂದಕ್ಕೆ ಏರಿದ. ಅವಳು ಹತಾರದ ಚೀಲ ಹೊತ್ತು ಕೆಳಗಿನಿಂದ ನೋಡುತ್ತ, ಆತ ಬಿದ್ದರೆ ಹಿಡಿಯಲೆಂದು ಒಂದು ಕೈ ಮುಂದೆ ಚಾಚಿಕೊಂಡೇ ಹತ್ತಿದಳು. "ನಾನು ಬಿದ್ರೆ ನೀವೂ ಬೀಳ್ತೀರಿ. ಕೈ ಒಳಗಿಟ್ಕೊಳ್ಳಿ," ಎಂದ ಆತ.

ಅವಳು ಟಾರ್ಚು ಹಿಡಿದಳು. ಆತ ಬ್ರೇಕಿನ ಎರಡು ತೋಳುಗಳನ್ನು ಬಿಚ್ಚಿ, ಚಕ್ರವನ್ನು ಒತ್ತಿ ಹಿಡಿಯುವ ಒಳಗಿನ ಲೈನಿಂಗನ್ನು ಹೆಬ್ಬೆರಳಿನಿಂದ ಸವರಿದ. ಅವಳು ಬೆಳಕನ್ನು ಬ್ರೇಕಿಗಿಂತ ಹೆಚ್ಚಾಗಿ ಆತನ ಮುಖಕ್ಕೇ ಹಿಡಿಯುತ್ತಿದ್ದಳು. ಬೆಳಕು ಇತ್ತ ತನ್ನಿ ಎಂದು ಆತ ಎರಡು ಸಲ ಹೇಳಬೇಕಾಯಿತು.

ಕೊನೆಗೆ ಆತ ಹೆಬ್ಬೆರಳನ್ನು ಒರೆಸಿಕೊಂಡ. ಒಂದು ಕಡೆ ಸವೆದಿದೆ, ಆದರೂ ಹಿಡಿಯುತ್ತದೆ. ಇವತ್ತೂ ಹಿಡಿಯುತ್ತಿತ್ತು, ನಾಳೆಯೂ ಹಿಡಿಯುತ್ತಿತ್ತು, ಇನ್ನೊಂದು ತಿಂಗಳು ಬಿಟ್ಟಿದ್ದರೆ ಮಾತ್ರ ತಾನು ಈ ಲಿಫ್ಟು ಹತ್ತುತ್ತಿರಲಿಲ್ಲ ಎಂದ. ಹೊಸ ಲೈನಿಂಗು ಚೀಲದಲ್ಲೇ ಇತ್ತು. ಒಂದೂಕಾಲು ಗಂಟೆಯ ಕೆಲಸ. ಅವಳು ಬಾಗಿಲ ಹೊಸ್ತಿಲ ಮೇಲೆ ಕೂತಳು. ಮನೆ ಬಿಟ್ಟಮೇಲೆ ಕೂತದ್ದು ಅದೇ ಮೊದಲು.

ಸಾಹೇಬರ ಫೋನು ಬಂದಾಗ ಆತ ಕೊನೆಯ ನಟ್ಟು ಬಿಗಿಯುತ್ತಿದ್ದ. ಅವಳು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಮೊಳೆಯಲ್ಲಿ ಹನ್ನೊಂದೇ ಕಾರ್ಡು ಇದ್ದದ್ದು ತನ್ನ ಕಣ್ಣಿಗೆ ಬಿದ್ದಿತ್ತು ಎಂಬುದನ್ನೂ ಬಿಡಲಿಲ್ಲ.

"ನಾನೂ ನೋಡ್ದೆ ಸಹಿ ಹಾಕಿದೀನಮ್ಮ," ಎಂದರು ಸಾಹೇಬರು. "ನಾಳೆ ಬೇಗ ಬನ್ನಿ. ಎಲ್ಲ ಕಾರ್ಡೂ ಇಬ್ರೂ ಕೂತು ನೋಡೋಣ. ಮೇಟ್ರನ್‌ಗೆ ಫೋನು ಕೊಡಿ, ನಾನೇ ಮಾತಾಡ್ತೀನಿ."

ಅವಳು ಕೆಳಗಿಳಿದು ಫೋನು ಕೊಟ್ಟಳು. ಮೇಟ್ರನ್ ಸಾಹೇಬರಿಗೆ ಏನು ಹೇಳಿದರೋ ಅವಳು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳದಿರುವುದೇ ವಾಸಿ ಎನ್ನಿಸಿ ದೂರ ಹೋಗಿ ನಿಂತಳು. ಗ್ರೀಸಣ್ಣ ಖಾಲಿ ಲಿಫ್ಟನ್ನು ಮೂರು ಸಲ ಓಡಿಸಿದ. ಆಮೇಲೆ ತಾನೇ ಒಳಗೆ ನಿಂತು ಎರಡು ಸಲ ಹೋಗಿ ಬಂದ. ಮೂರನೇ ಸಲ ಮೇಟ್ರನ್ ಅವಳ ಕಡೆ ನೋಡಿ, ನೀವೂ ಹತ್ತಿ ಎಂದರು.

ಮೊದಲು ಹತ್ತಬೇಕಿದ್ದ ಗಾಲಿಕುರ್ಚಿಯಲ್ಲಿ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡ ಒಬ್ಬ ಹಿರಿಯರಿದ್ದರು. ಬಾಗಿಲು ಮುಚ್ಚಿದ್ದೇ ತಡ, ಶುರುಮಾಡಿದರು. ಎರಡು ಗಂಟೆ ಕಾಯಿಸಿದಿರಿ. ರಿಪೇರಿ ಮಾಡುವುದಾದರೆ ನಿನ್ನೆ ಮಾಡಬೇಕಿತ್ತು. ಊಟ ತಣ್ಣಗಾಯಿತು, ನಿದ್ದೆ ಕೆಟ್ಟಿತು, ಸೊಸೆ ನೋಡಲು ಬಂದು ಮೇಲೆ ವಾರ್ಡಿನಲ್ಲಿ ಕಾದು ಕಾದು ವಾಪಸು ಹೋದಳು, ಹೋದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಆದರೆ ಅದು ಬೇರೆ ಮಾತು.

"ಯಾರಮ್ಮ ಇದನ್ನ ನಿಲ್ಲಿಸಿದ್ದು?" ಎಂದು ಕೊನೆಗೆ ಕೇಳಿದರು.

"ನಾನೇ ನಿಲ್ಲಿಸಿದ್ದು," ಎಂದಳು ಅವಳು.

ಬೈಗುಳ ಮೂರನೇ ಮಹಡಿ ದಾಟಿತು, ನಾಲ್ಕನ್ನೂ ಮುಟ್ಟಿತು. ಲಿಫ್ಟು ಒಂದು ಕೂದಲೆಳೆಯಷ್ಟೂ ಜಾರದೆ ನಿಂತಿತು. ಹಿರಿಯರ ಮಾತು ಇನ್ನೂ ಮುಗಿದಿರಲಿಲ್ಲವಾದ್ದರಿಂದ, ಅವಳು ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ವಾರ್ಡಿನ ಕೊನೆಯ ಮಂಚದವರೆಗೂ ಕೇಳುತ್ತ ಹೋದಳು.