ಅರ್ಥ ಬರೆಯದ ಪದ

ಮಗಳು ಅಪೂರ್ವಾ ತೀರಿಕೊಂಡು ಐದು ತಿಂಗಳಿಗೆ ಸುಮಿತ್ರಾಳಿಗೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಯಿತು. ಬ್ಯಾಂಕಿನ ಕೆಲಸ, ಗದಗ ಬಿಟ್ಟ ಮೇಲೆ ಇದು ನಾಲ್ಕನೆಯ ಊರು. ಆದರೆ ಹಿಂದೆ ಯಾವ ಊರಲ್ಲೂ ಮಗಳನ್ನು ಮಣ್ಣಿಗೆ ಕೊಟ್ಟು ಹೊರಟಿರಲಿಲ್ಲ. ಮಧುರವಾಡದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಗಂಡ ಗುರುದತ್ ಎಂವಿಪಿ ಕಾಲೋನಿಯ ಮನೆಯಲ್ಲೇ ಉಳಿದ.

ಅಪೂರ್ವಾ ಪರವಾಡದ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತನಾಲ್ಕು ವರ್ಷ. ಡೆಂಗಿ ಜ್ವರ ಆರೇ ದಿನದಲ್ಲಿ ಅವಳನ್ನು ಕೊಂಡೊಯ್ದಿತು. ಅಂದಿನಿಂದ ಗುರುದತ್ ಮಗಳ ಹೆಸರೆತ್ತಿರಲಿಲ್ಲ. ದೇವರ ಹತ್ತಿರ ಹೋದವಳಿಗಾಗಿ ಇಷ್ಟು ಅಳುವುದು ವಿಶ್ವಾಸದ ಕೊರತೆ ಎಂದು ಚರ್ಚಿನ ಹೆಂಗಸರು ಸುಮಿತ್ರಾಳಿಗೆ ಬುದ್ಧಿ ಹೇಳಿದರು. ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದನ್ನು ಕಲಿತಳು.

ಮಗಳು ವರ್ಷದಿಂದ ಭಾನುವಾರ ಫೋನಿನಲ್ಲೇ ಬೈಬಲಿನ ಗ್ರೀಕ್ ಕಲಿಯುತ್ತಿದ್ದಳು. ಅವಳ ನೋಟುಪುಸ್ತಕದ ಕೊನೆಯ ಪುಟದಲ್ಲಿ ಒಂದೇ ಪದವಿತ್ತು: ಹೊಮೈರೊಮೆನೊಯ್. ಪಕ್ಕದಲ್ಲಿ, ‘ಟೀಚರಮ್ಮನನ್ನು ಕೇಳಬೇಕು.’ ಆ ಟೀಚರಮ್ಮ, ನಿವೃತ್ತ ಅಧ್ಯಾಪಕಿ ಸೂರ್ಯಕಾಂತಮ್ಮ, ಇದ್ದದ್ದು ವಿಜಯವಾಡದಲ್ಲೇ. ಒಂದು ಶನಿವಾರ ಸುಮಿತ್ರಾ ಪುಸ್ತಕ ಹಿಡಿದು ಅವರ ಮನೆಗೆ ಹೋದಳು.

ಸೂರ್ಯಕಾಂತಮ್ಮ ಬೆಂಗಳೂರಿನಲ್ಲಿ ಓದಿದವರು. ಕನ್ನಡ ಇನ್ನೂ ಮರೆತಿರಲಿಲ್ಲ.

“ಬಹಳ ಅಪರೂಪದ ಮಾತಮ್ಮಾ ಇದು. ಹೊಸ ಒಡಂಬಡಿಕೆಯಲ್ಲಿ ಒಂದೇ ಸಲ ಬರುತ್ತೆ. ಪೌಲ ಥೆಸಲೋನಿಕದ ಜನರನ್ನ ಬಿಟ್ಟು ಬಂದಿದ್ದ. ಹಾಲೂಡಿಸೋ ತಾಯಿ ಹಾಗೆ ನಿಮ್ಮ ಜೊತೆ ಇದ್ವಿ ಅಂತ ಅವರಿಗೆ ಬರೆದು, ಹಿಂದೆಯೇ ಈ ಪದ ಇಟ್ಟ. ಹಂಬಲಿಸ್ತಾ ಇರೋರು ಅಂತ ಅರ್ಥ. ಪದದ ಮೂಲ ಪಂಡಿತರಿಗೂ ಖಚಿತ ಇಲ್ಲ.”

“ಬ್ಯಾರೆ ಎಲ್ಲೂ ಇಲ್ಲೇನ್ರಿ?”

ಮುದುಕಿ ಕನ್ನಡಕ ತೆಗೆದು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

“ಈಗಿನ ಟರ್ಕಿಯಲ್ಲಿ ಒಂದು ಸಮಾಧಿಕಲ್ಲು ಸಿಕ್ಕಿದೆ. ಸಾವಿರದ ಆರುನೂರು ವರ್ಷ ಹಳೇದು. ಸತ್ತ ಮಗನಿಗಾಗಿ ಅಪ್ಪ ಅಮ್ಮ ಇದೇ ಪದ ಕೆತ್ತಿಸಿದಾರೆ.”

ಸುಮಿತ್ರಾ ಆ ಪದದ ಮೇಲೆ ಬೆರಳಿಟ್ಟಳು. “ಹಂಗಾರ ಹಂಬಲಿಸೂದು ತಪ್ಪಲ್ಲೇನ್ರಿ?”

“ತಪ್ಪು ಅನ್ನಿಸಿದ್ರೆ ಪೌಲ ಬರೀತಿದ್ನಾ, ತಲ್ಲಿ?” ‘ತಾಯೀ’ ಎಂಬುದು ಮಾತ್ರ ತೆಲುಗಿನಲ್ಲೇ ಬಂತು.

ಸುಮಿತ್ರಾ ಅಲ್ಲೇ ಕುರ್ಚಿಯಲ್ಲಿ ಕೂತು ಬಾಯಿಬಿಟ್ಟು ಅತ್ತಳು. ಸಾಕು ಎಂದು ಆ ಹಿರಿಯರು ಹೇಳಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಅವಳು ವಿಶಾಖಪಟ್ಟಣಕ್ಕೆ ಹೊರಟಳು. ಮನೆ ತಲುಪಿದಾಗ ಗುರುದತ್ ಅನ್ನಕ್ಕೆ ಇಟ್ಟಿದ್ದ. ಅವಳು ಹೇಳಿದ್ದೆಲ್ಲ ಕೇಳಿ, ಒಲೆ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕೂತ.

“ದಿನಾ ಮುಂಜಾನೆ ಆಕಿ ಕಂಪನಿ ಬಸ್ ನಿಲ್ಲೂ ಕಡೆ ಹೋಗಿ ನಿಂತಿರ್ತೀನಿ,” ಎಂದ. “ಆಕಿ ಗೆಳತ್ಯಾರು ಹತ್ತತಾರ. ಬಸ್ ಹ್ವಾದಮ್ಯಾಲ ಕಾಲೇಜಿಗೆ ಹೋಗ್ತೀನಿ.”

“ನನಗ್ಯಾಕ ಹೇಳಲಿಲ್ರಿ?”

“ನೀ ಅಳ್ತಿ ಅಂತ.”

ಅವಳು ಅವನ ಪಕ್ಕದಲ್ಲೇ ಕೂತಳು. ಅಂದು ಮಧ್ಯಾಹ್ನವೆಲ್ಲ ಇಬ್ಬರೂ ಅಪೂರ್ವಾಳ ಮಾತನ್ನೇ ಆಡಿದರು.

ಮುಂದಿನ ತಿಂಗಳು ಸಮಾಧಿಗೆ ಕಲ್ಲು ಹಾಕಿಸಿದರು. ‘ಶಾಂತಿಯಲ್ಲಿ ನಿದ್ರಿಸುತ್ತಾಳೆ’ ಎಂದು ಚರ್ಚಿನವರು ಸೂಚಿಸಿದ ಸಾಲು ಬೇಡವೆಂದರು. ಕಲ್ಲು ಕೆತ್ತುವವನಿಗೆ ಕನ್ನಡ ಬರುತ್ತಿರಲಿಲ್ಲ; ಅಕ್ಷರ ತೆಲುಗಿನ ಹಾಗೇ ಇವೆಯಲ್ಲ, ಬರೆದುಕೊಟ್ಟರೆ ನೋಡಿ ಕೆತ್ತುತ್ತೇನೆ ಎಂದ. ಗುರುದತ್ ದಪ್ಪ ಹಾಳೆಯ ಮೇಲೆ ಬರೆಯತೊಡಗಿದ: ಅಪೂರ್ವಾ, ನಿನಗಾಗಿ ಹಂಬಲಿಸುತ್ತಿರುವ ಅಪ್ಪ, ಅವ್ವ. ಹಾಳೆ ಜಾರಿ ಸಾಲು ಸೊಟ್ಟಗಾಯಿತು, ಎರಡು ಹಾಳೆ ಕೆಟ್ಟವು. ಮೂರನೆಯದನ್ನು ಸುಮಿತ್ರಾ ಎರಡೂ ಕೈಯಿಂದ ಒತ್ತಿ ಹಿಡಿದಳು. ಅವನು ನಿಧಾನವಾಗಿ ಬರೆದು ಮುಗಿಸಿದ.