ಮೂವತ್ತೇಳು ಹಲ್ಲು

ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಟರ್ನರನಿಗೂ ಅವನ ಅತ್ತಿಗೆಗೂ ಹಾವು ಮುಂಗುಸಿಯ ನಂಟು. ಅಣ್ಣ ತೀರಿಕೊಂಡ ಮೇಲೆ ಬೇಕರಿ ಅವಳ ಕೈಗೆ ಹೋಯಿತು. ಆ ಜಾಗದಲ್ಲಿ ದೊಡ್ಡ ವರ್ಕ್‌ಶಾಪ್ ಹಾಕುವ ಆಸೆ ಇವನ ಹೊಟ್ಟೆಯಲ್ಲೇ ಉಳಿಯಿತು. ಹಿಟ್ಟು ನಾದುವ ಯಂತ್ರ ನಿಂತರೆ ಬೇಕರಿಯೂ ನಿಂತಂತೆ. ಅದರ ದೊಡ್ಡ ಗೇರು ಸವೆದುಹೋಗಿ, ಹೊಸದು ಮಾಡಿಕೊಡು ಅಂತ ಅವಳೇ ಬಂದು ಕೇಳಿದಾಗ ಇವನು ಮೂತಿ ಸೊಟ್ಟ ಮಾಡಿಕೊಂಡು ಒಪ್ಪಿದ. ಒಳಗೊಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ಹಳೆಯ ಗೇರಿಗೆ ಮೂವತ್ತೇಳು ಹಲ್ಲು. ಪುಣ್ಯಾತ್ಮ ಮೂವತ್ತಾರು ಕೊಯ್ದ, ಬೇಕಂತಲೇ. ಅದನ್ನು ತಿರುಗಿಸುವ ಸಣ್ಣ ಗೇರಿಗೆ ಹನ್ನೆರಡು ಹಲ್ಲು, ಅದರಲ್ಲೊಂದು ಮುಕ್ಕು. ಹನ್ನೆರಡು ಮೂರಲಿ ಮೂವತ್ತಾರು. ಹಾಗಾಗಿ ಆ ಮುಕ್ಕು ಹಲ್ಲು ದೊಡ್ಡ ಗೇರಿನ ಅದೇ ಮೂರು ಹಲ್ಲುಗಳನ್ನು ಮತ್ತೆ ಮತ್ತೆ ಗುದ್ದುತ್ತದೆ. ವರ್ಷ ತುಂಬುವುದರೊಳಗೆ ಮೂರೂ ಮುರಿದು ಬೀಳುತ್ತವೆ. ಮೂವತ್ತೇಳು ಹಾಗಲ್ಲ, ಅದು ಮಹಾ ಮೊಂಡು ಸಂಖ್ಯೆ. ಒಂದನ್ನೂ ತನ್ನನ್ನೂ ಬಿಟ್ಟರೆ ಇನ್ಯಾರ ಭಾಗಾಕಾರಕ್ಕೂ ಬಗ್ಗುವುದಿಲ್ಲ. ಮುಕ್ಕಿನ ಏಟು ಪ್ರತಿ ಸಲ ಜಾಗ ಬದಲಿಸಿ, ಮೂವತ್ತೇಳು ಹಲ್ಲಿಗೂ ಸಮನಾಗಿ ಹಂಚಿಹೋಗುತ್ತದೆ.

ಹಲ್ಲೊಂದು ಕಡಿಮೆಯಾದ್ದಕ್ಕೆ ಮೋಟರನ್ನು ಕೂದಲೆಳೆಯಷ್ಟು ಸರಿಸಿ ಅವನು ಹೊಸ ಗೇರು ಕೂರಿಸಿದ. ಅತ್ತಿಗೆ ಸೀಮೆಸುಣ್ಣ ಒದ್ದೆ ಮಾಡಿ ಮುಕ್ಕು ಹಲ್ಲಿಗೆ ಬಳಿದಳು. ಮತ್ತೆ ಮತ್ತೆ ಬಳಿಯುತ್ತಾ ಚಕ್ರವನ್ನು ಕೈಯಿಂದಲೇ ತಿರುಗಿಸಿದಳು. ಎಷ್ಟು ತಿರುಗಿಸಿದರೂ ದೊಡ್ಡ ಗೇರಿನಲ್ಲಿ ಮೂರೇ ಹಲ್ಲು ಬೆಳ್ಳಗಾದವು.

"ಇದೇನು ಮಾಡಿದ್ದೀಯ?" ಅಂದಳು.

"ತಿರುಗ್ತಾ ಇದೆಯಲ್ಲ ಅತ್ತಿಗೆ, ಇನ್ನೇನು ಬೇಕು ನಿಮಗೆ? ದೋಷ ಇರೋದು ಆ ಮುಕ್ಕು ಹಲ್ಲಲ್ಲಿ, ನನ್ನ ಗೇರಲ್ಲಲ್ಲ."

"ಅದನ್ನ ಮುಕ್ಕು ಮಾಡಿದ್ದು ಯಾರು?"

ಟರ್ನರ ಬಗ್ಗಿ ತನ್ನ ಸಾಮಾನು ಚೀಲಕ್ಕೆ ತುಂಬತೊಡಗಿದ. ಅತ್ತಿಗೆ ಬಿಡಲಿಲ್ಲ.

"ಸ್ಪ್ಯಾನರ್ ಒಳಗೇ ಬಿಟ್ಟು ಸ್ವಿಚ್ ಹಾಕಿದವನು ನೀನು. ಮೀಸೆ ಮೂಡದ ವಯಸ್ಸು ನಿಂಗಾಗ. ಸಣ್ಣ ಗೇರು ಶಾಫ್ಟಿನ ಜೊತೆ ಒಂದೇ ತುಂಡು. ಬದಲಾಯಿಸೋಕೆ ಹೋಗಿದ್ರೆ ಇಡೀ ಮೋಟರೇ ಬಿಚ್ಚಬೇಕು, ಮಾವನೋರಿಗೆ ಗೊತ್ತಾಗ್ತಿತ್ತು, ನಿನ್ನ ಚರ್ಮ ಸುಲೀತಿದ್ರು. ಅದಕ್ಕೇ ನಿಮ್ಮಣ್ಣ ಆಗ ಇದ್ದ ಮೂವತ್ತಾರರ ಗೇರು ತೆಗೆದು, ಮೂವತ್ತೇಳರದ್ದು ಮಾಡಿ ಹಾಕಿದ್ರು. ಯಾವ ಹಲ್ಲೂ ಮುರೀಬಾರದು, ನಿನ್ನ ಹೆಸರು ಆಚೆ ಬರಬಾರದು ಅಂತ. ನನ್ನ ಹತ್ರ ಬಿಟ್ಟು ಯಾರ ಹತ್ರಾನೂ ಬಾಯಿ ಬಿಡಲಿಲ್ಲ ಅವರು." ಅವಳು ಸೀಮೆಸುಣ್ಣವನ್ನು ಅವನ ಕಾಲ ಬುಡಕ್ಕೆ ಎಸೆದಳು. "ಮೂವತ್ತೇಳು ಕೊಯ್ದು ತಂದುಹಾಕು. ಆಮೇಲೆ ನಿನ್ನ ಮುಖ ನನಗೆ ತೋರಿಸಬೇಡ."

ಅವನು ಕೊಯ್ದ. ಅವಳ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಅಣ್ಣನ ಮೇಲೂ ಸಿಟ್ಟು ಬಂತು. ಹೇಳಬಾರದಿತ್ತೇ, ಬೈಯಬಾರದಿತ್ತೇ, ಒಂದು ಬಾರಿಸಬಾರದಿತ್ತೇ ಅಂತ ಲೇತಿನ ಎದುರು ಒಬ್ಬನೇ ಗೊಣಗಿದ. ಮಾರನೇ ದಿನ ಗೇರು ಕೂರಿಸಿಕೊಟ್ಟ. ಅತ್ತಿಗೆ ಮತ್ತೆ ಸುಣ್ಣ ಬಳಿದು ತಿರುಗಿಸಿದಳು. ಒಂದೊಂದಾಗಿ ಮೂವತ್ತೇಳೂ ಬೆಳ್ಳಗಾದವು. ಅವಳು ಬಾಗಿಲತ್ತ ಕೈ ತೋರಿಸಿದಳು, ಅವನು ಹೊರಬಿದ್ದ ಕೂಡಲೇ ಅಗುಳಿ ಹಾಕಿಕೊಂಡಳು.

ಒಳಗೆ ಯಂತ್ರ ಶುರುವಾಯಿತು. ಅವನು ಬೀದಿಯಲ್ಲೇ ನಿಂತ. ಗೋಡೆಯಾಚೆಯಿಂದ ಮುಕ್ಕು ಹಲ್ಲಿನ ಟಕ್ ಟಕ್ ಕೇಳಿಸುತ್ತಿತ್ತು. ಆ ಸದ್ದು ಏನೆಂದು ತನಗೊಬ್ಬನಿಗೇ ಗೊತ್ತು ಅಂತ ಅವನು ಇಷ್ಟು ವರ್ಷ ಅಂದುಕೊಂಡಿದ್ದ.