ಬಾಗಿಲ ಹಿಂದಿನ ಹಗ್ಗ

ಬಸ್ಸು ಮಾರುಕಟ್ಟೆಯ ತಿರುವಿನಲ್ಲಿ ವಾಲಿದಾಗ ಕಂಡಕ್ಟರಮ್ಮ ಎರಡೂ ಕೈಯಿಂದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬೀಳುವ ಭಯಕ್ಕಲ್ಲ. ಹನ್ನೊಂದು ವರ್ಷ ಈ ಬಸ್ಸುಗಳಲ್ಲಿ ನಿಂತು ನಿಂತು ರಸ್ತೆಯ ಒಂದೊಂದು ಗುಂಡಿಯೂ ಅವಳ ಕಾಲಿಗೆ ಬಾಯಿಪಾಠವಾಗಿತ್ತು. ಕೈ ಖಾಲಿ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಸೊಂಟದ ಪಟ್ಟಿಯ ಕೆಳಗೆ, ತೊಡೆಯ ಸಂದಿಯಲ್ಲಿ, ಎದೆಯ ಅಡಿಯಲ್ಲಿ ತುರಿಕೆ ಒಟ್ಟಿಗೇ ಎದ್ದಿತ್ತು. ಬಸ್ಸಿನ ತುಂಬ ಜನ, ಒಬ್ಬರ ಉಸಿರು ಇನ್ನೊಬ್ಬರ ಕತ್ತಿಗೆ ತಾಗುವಷ್ಟು ಒತ್ತಿಕೊಂಡು ನಿಂತಿದ್ದರು. ಅಷ್ಟು ಕಣ್ಣುಗಳ ನಡುವೆ ಒಬ್ಬ ಹೆಂಗಸು ಹೇಗೆ ಕೆರೆದುಕೊಂಡಾಳು?

"ಮುಂದಕ್ಕೆ ಹೋಗಿ ಸ್ವಾಮಿ, ಮುಂದಕ್ಕೆ! ಬಾಗಿಲಲ್ಲೇ ಮನೆ ಕಟ್ಕೋತೀರಾ?" ಎಂದು ಕೂಗಿದಳು. ಬೇಕಾದ್ದಕ್ಕಿಂತ ಎರಡು ಪಟ್ಟು ಜೋರಾಗಿತ್ತು ದನಿ. ಎದುರಿಗಿದ್ದ ಮುದುಕ ಬೆಚ್ಚಿ ಚೀಲ ಎತ್ತಿಕೊಂಡ.

ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾದ ಮೇಲೆ ಡ್ರೈವರ್ ತನ್ನ ಸೀಟಿನಿಂದ ಹಿಂದಕ್ಕೆ ತಿರುಗಿದ. ಅವಳಿಗಿಂತ ಹದಿನೈದು ವರ್ಷ ದೊಡ್ಡವನು, ಮಾತಿನ ಮಲ್ಲ. "ಏನಮ್ಮಾ, ಇವತ್ತು ಎಲ್ಲರ ಮೇಲೂ ಹರಿಹಾಯ್ತಿದೀಯಲ್ಲ. ಆ ಅಜ್ಜ ಇಳಿಯೋವಾಗ ನನ್ನ ಮುಖ ನೋಡಿ 'ಅಯ್ಯೋ ಪಾಪ' ಅಂದ. ನಾನು ನಿನ್ನ ಗಂಡ ಅಂದ್ಕೊಂಡ್ನೋ ಏನೋ!"

"ತಲೆನೋವು, ಅಣ್ಣ."

"ಒಂದು ವರ್ಷದಿಂದಾನಾ?"

ಅವಳು ಡಿಪೋದ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅಲ್ಲಿ ಐದು ನಿಮಿಷ ಅವಳಿಗೆ ಲೋಕದ ಪರಿವೆ ಇರಲಿಲ್ಲ. ಕೆರೆಯುವಾಗ ಕಣ್ಣು ತಾನಾಗಿ ಮುಚ್ಚಿಹೋಗುವಂಥ ಸುಖ, ಅದರ ಬೆನ್ನಿಗೇ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಉಗುರಿನ ತುದಿಗೆ ರಕ್ತ ಅಂಟಿತ್ತು. ಕೈ ತೊಳೆದು, ಬೆಲ್ಟು ಬಿಗಿದು, ಮುಖಕ್ಕೊಂದು ಗಂಟು ಹಾಕಿಕೊಂಡು ಮತ್ತೆ ಬಸ್ಸು ಹತ್ತಿದಳು.

ಮೊದಲು ಬಂದಾಗ ಅದು ನಾಣ್ಯದಷ್ಟಗಲದ ಒಂದು ಉಂಗುರ. ಬೆವರಿನ ಗುಳ್ಳೆ ಇರಬೇಕು ಎಂದುಕೊಂಡಿದ್ದಳು. ಅದು ಹರಡತೊಡಗಿದಾಗ ಔಷಧಿ ಅಂಗಡಿಯ ಮುಂದೆ ಗಿರಾಕಿಗಳೆಲ್ಲ ಹೋಗುವವರೆಗೆ ನಿಂತು, "ತುರಿಕೆಗೆ ಏನಾದ್ರೂ ಕೊಡಿ" ಎಂದು ಪಿಸುಗುಟ್ಟಿದ್ದಳು. ಅಂಗಡಿಯವನು ಎಲ್ಲಿ, ಏನು ಎಂದು ಕೇಳದೆ ಒಂದು ಟ್ಯೂಬನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಮಂತ್ರ ಹಾಕಿದ ಹಾಗೆ ಎರಡೇ ದಿನಕ್ಕೆ ಉರಿ ಮಾಯ, ಎಂಟು ದಿನಕ್ಕೆ ಚರ್ಮ ತಿಳಿಯಾಯಿತು. ಟ್ಯೂಬು ಮುಗಿದ ಹತ್ತನೆಯ ದಿನ ಮತ್ತೆ ಬಂತು, ಮೊದಲಿಗಿಂತ ಅಗಲವಾಗಿ. ಮತ್ತೊಂದು ಟ್ಯೂಬು, ಮತ್ತೆ ಹತ್ತು ದಿನ. ಈಚೆಗೆ ಅವಳು ಬಾಯಿ ತೆರೆಯುವುದೇ ಬೇಕಿರಲಿಲ್ಲ. ದೂರದಿಂದ ಕಂಡರೆ ಸಾಕು, ಅವನ ಕೈ ಆ ಕಪಾಟಿಗೆ ಹೋಗುತ್ತಿತ್ತು. "ಅದೇ ತಾನೇ?" ಎನ್ನುತ್ತಿದ್ದ. ಊರಿನಲ್ಲಿ ಅವಳ ಗುಟ್ಟಿನ ಅಂಚನ್ನಾದರೂ ಕಂಡವನೆಂದರೆ ಅವನೊಬ್ಬನೇ.

ತಂಗಿಗೂ ಹೇಳಿರಲಿಲ್ಲ.

ತಂಗಿಯನ್ನು ಸಾಕಿದವಳೇ ಇವಳು. ಅಮ್ಮ ಹೋದಾಗ ಇವಳಿಗೆ ಹತ್ತೊಂಬತ್ತು, ತಂಗಿಗೆ ಹತ್ತು. ಅವಳನ್ನು ಓದಿಸಿ, ಮದುವೆ ಮಾಡಿ ಉಸ್ಸೆಂದು ಕೂತಾಗ ತನ್ನ ಮದುವೆಯ ಮಾತೆತ್ತುವವರು ಯಾರೂ ಉಳಿದಿರಲಿಲ್ಲ. ಅದರ ಬಗ್ಗೆ ಅವಳಿಗೆ ಅಂಥ ಕೊರಗೇನೂ ಇರಲಿಲ್ಲ. ತಂಗಿಗೆ ಹೆಣ್ಣುಮಗು ಹುಟ್ಟಿದ ಮೇಲಂತೂ ಇದ್ದಬದ್ದದ್ದೂ ಹೋಯಿತು. ಕಣ್ಣು ಮಿಟುಕಿಸುತ್ತ ಎಲ್ಲರನ್ನೂ ನೋಡುತ್ತಿದ್ದ ಮಗುವನ್ನು 'ಪಿಳಿಪಿಳಿ' ಎಂದು ಕರೆದವಳು ಇವಳೇ. ವಾರದ ರಜೆ ಬಂತೆಂದರೆ ಊರಿನ ಆ ತುದಿಗೆ ಹೋಗಿ ಸಂಜೆಯವರೆಗೆ ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡಿರುತ್ತಿದ್ದಳು. ತಾಯಿ ಎತ್ತಿಕೊಂಡರೂ ಕೊಸರಾಡುವ ಮಗು ದೊಡ್ಡಮ್ಮನ ಎದೆಗೆ ಕೆನ್ನೆ ಒತ್ತಿದರೆ ಎರಡು ಗಂಟೆ ಅಲ್ಲಾಡುತ್ತಿರಲಿಲ್ಲ.

ಒಂದು ದಿನ ಆ ಕೆನ್ನೆಯ ಮೇಲೆ ಒಂದು ಉಂಗುರ ಎದ್ದಿತು.

"ಅಕ್ಕಾ, ಏನೇ ಇದು? ನಮ್ಮ ಮನೇಲಿ ಯಾರಿಗೂ ಇಲ್ಲ. ನಿಂಗೇನಾದ್ರೂ ಇದೆಯಾ?" ಎಂದು ತಂಗಿ ಸುಮ್ಮನೆ ಕೇಳಿದ್ದಳು, ಸಂಶಯವಿಟ್ಟುಕೊಂಡಲ್ಲ. ಪಕ್ಕದಲ್ಲೇ ಅವಳ ಅತ್ತೆ ಕೂತಿದ್ದರು, ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. "ನಂಗೇನಿಲ್ಲಪ್ಪ" ಎಂಬ ಮಾತು ಯೋಚಿಸುವ ಮೊದಲೇ ಇವಳ ಬಾಯಿಂದ ಬಿದ್ದುಹೋಯಿತು.

ಆಮೇಲೆ ಇವಳು ತಂಗಿಯ ಮನೆಗೆ ಹೋಗಲಿಲ್ಲ. ಒಂದು ವಾರ ಹೆಚ್ಚುವರಿ ಡ್ಯೂಟಿ, ಇನ್ನೊಂದು ವಾರ ಜ್ವರ, ಮತ್ತೊಂದು ವಾರ ಸಹೋದ್ಯೋಗಿಯ ಮನೆಯ ಕೆಲಸ. ನೆಪಗಳು ಮುಗಿದ ಮೇಲೆ ಫೋನು ಎತ್ತುವುದನ್ನೇ ಕಡಿಮೆ ಮಾಡಿದಳು. ತಂಗಿಯೂ ಎಷ್ಟು ಸಲ ಕರೆದಾಳು? ಹೀಗೆ ಐದು ತಿಂಗಳಾಯಿತು. ರಜೆಯ ದಿನ ಕಂಡಕ್ಟರಮ್ಮ ಒಂದು ಮನೆಯ ಹಿಂಭಾಗದ ತನ್ನ ಬಾಡಿಗೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೈಕಾಲು ಅಗಲಿಸಿ ಮಲಗಿ, ಪಕ್ಕದ ಮನೆಯವರ ಟಿವಿಯಲ್ಲಿ ಯಾರೋ ನಗುವುದನ್ನು ಕೇಳುತ್ತಿದ್ದಳು. ಬಸ್ಸಿನಲ್ಲಿ ದಿನಕ್ಕೆ ಸಾವಿರ ಜನ ಮೈ ಉಜ್ಜಿಕೊಂಡು ಹೋಗುತ್ತಾರೆ, ಮುಟ್ಟುವವರು ಮಾತ್ರ ಯಾರೂ ಇಲ್ಲ ಎಂದು ಆಗೊಮ್ಮೆ ಈಗೊಮ್ಮೆ ಅನ್ನಿಸುತ್ತಿತ್ತು.

ಕಾಲರ್ ಮೇಲೆ, ಕತ್ತಿನಲ್ಲಿ ಕಂದು ಅಂಚಿನ ವೃತ್ತವೊಂದು ಕಾಣಿಸಿಕೊಂಡ ವಾರ, ಸೀಟಿನಲ್ಲಿದ್ದ ಹೆಂಗಸೊಬ್ಬಳು ತನ್ನ ಮಗನನ್ನು ಕಿಟಕಿಯ ಕಡೆಗೆ ಎಳೆದುಕೊಂಡಳು. ಅದನ್ನು ಡ್ರೈವರ್ ಕನ್ನಡಿಯಲ್ಲಿ ನೋಡಿದ್ದ. ಆ ದಿನ ಟೀ ಕುಡಿಯುವಾಗ ಅವನು ತಮಾಷೆ ಮಾಡಲಿಲ್ಲ. "ನನ್ನ ಹೆಂಡ್ತಿಗೂ ಆಗಿತ್ತು. ಅದೂ ಇದೂ ಹಚ್ಚಿ ಎರಡು ವರ್ಷ ಒದ್ದಾಡಿದ್ಲು. ದೊಡ್ಡಾಸ್ಪತ್ರೇಲಿ ಚರ್ಮದ ಡಾಕ್ಟರಮ್ಮ ಇದಾರೆ. ಬಾಯಿ ಸ್ವಲ್ಪ ಜೋರು, ಕೈಗುಣ ಚೆನ್ನಾಗಿದೆ. ಹೋಗು" ಎಂದ. ಲೋಟ ಇಟ್ಟು ಎದ್ದು ಹೋದ, ಅವಳ ಮುಖ ನೋಡಲಿಲ್ಲ.

ಡಾಕ್ಟರಮ್ಮನಿಗೆ ನೆರೆತ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಪರದೆಯ ಹಿಂದೆ ದೀಪ ಹಿಡಿದು ನೋಡಿ, ಚೂರು ಚರ್ಮ ಕೆರೆದು ಗಾಜಿನ ಮೇಲೆ ತೆಗೆದುಕೊಂಡು, ಕೈ ತೊಳೆದು ಬಂದು ಕೂತರು. "ಏನು ಹಚ್ತಿದ್ರಿ?"

ಕಂಡಕ್ಟರಮ್ಮ ಹಿಂಡಿ ಸುರುಳಿಯಾದ ಟ್ಯೂಬನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಓದಿ ನಿಟ್ಟುಸಿರು ಬಿಟ್ಟರು.

"ಇದರಲ್ಲಿ ಸ್ಟೀರಾಯ್ಡ್ ಇದೆ. ಉರಿ, ಕೆಂಪು ಎಲ್ಲ ಎರಡು ದಿನಕ್ಕೆ ಮಾಯ. ಒಳಗೆ ಫಂಗಸ್ಸು ಹಾಯಾಗಿ ಬೆಳೀತಾ ಇರುತ್ತೆ, ಬೂದಿ ಮುಚ್ಚಿದ ಕೆಂಡ ಇದ್ದ ಹಾಗೆ. ಒಂದೂವರೆ ವರ್ಷ ನೀವಿದನ್ನ ಮುದ್ದುಮಾಡಿ ಸಾಕಿದೀರಿ."

ರಕ್ತ ತೆಗೆಸಿಕೊಂಡು ಬರಲು ಕಳಿಸಿದರು. ಒಂದು ಗಂಟೆ ಬೆಂಚಿನ ಮೇಲೆ ಕೂತು ಅವಳು ವರದಿ ತಂದಳು. "ಸಕ್ಕರೆ ಕಾಯಿಲೆ ಇಲ್ಲ. ಹಾಗಾದ್ರೆ ಮತ್ತೆ ಮತ್ತೆ ಎಲ್ಲಿಂದ ಬರ್ತಿದೆ? ಪೊಲೀಸರ ಥರ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯೂನಿಫಾರಂ ಎಷ್ಟಿದೆ?"

"ಎರಡು."

"ಒಗೆದ ಬಟ್ಟೆ ಎಲ್ಲಿ ಒಣಗಿಸ್ತೀರಿ?"

"ಮಹಡಿ ಮೇಲೆ, ತಂತಿ ಮೇಲೆ."

"ಎಲ್ಲಾನೂ?"

ಅವಳು ಮೇಜಿನ ಅಂಚು ನೋಡಿದಳು.

"ಒಳಬಟ್ಟೆ ಎಲ್ಲಿ?"

"ಬಚ್ಚಲ ಬಾಗಿಲ ಹಿಂದೆ. ಹಗ್ಗ ಕಟ್ಟಿದೀನಿ."

"ಅದರ ಮೇಲೊಂದು ಟವೆಲ್ ಮುಚ್ಚಿರ್ತೀರಿ."

"ಹೂಂ." ಇವರಿಗೆ ಹೇಗೆ ಗೊತ್ತಾಯಿತೋ!

"ಬೆಳಗಾಗೋದ್ರಲ್ಲಿ ಒಣಗಿರುತ್ತಾ?"

"ಒಂದೊಂದು ದಿನ ಒಣಗಿರುತ್ತೆ."

"ಒಣಗದಿದ್ರೆ?"

"ಹಾಕ್ಕೊಂಡ್ರೆ ಮೈ ಬಿಸಿಗೆ ಒಣಗುತ್ತೆ" ಎಂದಳು ಕಂಡಕ್ಟರಮ್ಮ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ. "ದಿನಾ ಹತ್ತು ಹೆಂಗಸರು ಬರ್ತಾರೆ ನನ್ನ ಹತ್ರ. ಅದರಲ್ಲಿ ಆರು ಜನ ಇದೇ ಬಾಗಿಲ ಹಿಂದಿನೋರು" ಎಂದರು. ಪೆನ್ನು ಮತ್ತೆ ಎತ್ತಿಕೊಂಡು, "ಮನೇಲಿ ಇನ್ಯಾರಿಗಿದೆ?"

"ಮನೇಲಿ ಯಾರೂ ಇಲ್ಲ."

"ಮೈಗೆ ಮೈ ತಾಗೋ ಹಾಗೆ ಯಾರಾದ್ರೂ?"

ಹೊರಗೆ ಯಾರನ್ನೋ ಕೂಗಿ ಕರೆಯುತ್ತಿದ್ದರು. "ತಂಗಿ ಮಗು," ಎಂದಳು ಕೊನೆಗೆ. "ಈಗ ಇಲ್ಲ. ಐದು ತಿಂಗಳಾಯ್ತು. ಅದರ ಕೆನ್ನೆ ಮೇಲೆ ಬಂದಿತ್ತು."

"ಹೋಯ್ತಾ ಅದು?"

"ಗೊತ್ತಿಲ್ಲ."

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವಾಗ, ಪರದೆಯ ಹಿಂದೆ ಬಟ್ಟೆ ಬಿಚ್ಚಿ ನಿಂತಾಗಿನದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಕೇಳಿ. ಅವರಿಗಿದ್ರೆ ಅವರಿಗೂ ಔಷಧಿ ಆಗ್ಬೇಕು. ನಿಮಗೆ ಎಂಟು ವಾರ ಮಾತ್ರೆ, ಮುಲಾಮು. ಕಡಿಮೆ ಆಯ್ತು ಅಂತ ಮಧ್ಯದಲ್ಲಿ ಬಿಡೋ ಹಾಗಿಲ್ಲ. ಬಟ್ಟೆಗೆ ಬಿಸಿನೀರು, ಬಿಸಿಲು. ಆ ಹಗ್ಗ ಇವತ್ತೇ ಬಿಚ್ಚಿ."

ಮರುದಿನ ಬೆಳಿಗ್ಗೆ ಅವಳು ಕುದಿಯುವ ನೀರಿನಲ್ಲಿ ನೆನೆಸಿ ಒಗೆದ ಬಟ್ಟೆಗಳ ಬಕೆಟ್ಟು ಹಿಡಿದು ಮಹಡಿ ಹತ್ತಿದಳು. ಮಧ್ಯಾಹ್ನದ ಪಾಳಿ ಇತ್ತು. ತಂತಿಯ ಮೇಲೆ ಒಂದೊಂದಾಗಿ ಹರವಿ ಕ್ಲಿಪ್ಪು ಹಾಕುತ್ತಿರುವಾಗ ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು. ಮನೆಯೊಡತಿ ನಿಂತಿದ್ದಳು. ಈ ಕೋಣೆ ಬಾಡಿಗೆಗೆ ಕೊಟ್ಟ ದಿನವೇ, "ಮನೇಲಿ ಎದೆ ಎತ್ತರದ ಇಬ್ಬರು ಗಂಡುಮಕ್ಕಳಿದಾರೆ, ಒಳಬಟ್ಟೆ ಗಿಳಬಟ್ಟೆ ಮಹಡಿ ಮೇಲೆ ಬೇಡಮ್ಮ" ಎಂದು ಹೇಳಿದ್ದವಳು ಅವಳೇ.

"ಏನಮ್ಮಾ ಇದು, ಬಾವುಟ ಹಾರಿಸಿದ ಹಾಗೆ?"

"ಮೈಮೇಲೆ ಹುಳುಕಡ್ಡಿ ಆಗಿದೆ, ಆಂಟಿ. ಬಿಸಿಲಲ್ಲೇ ಒಣಗಿಸ್ಬೇಕು ಅಂದ್ರು ಡಾಕ್ಟ್ರು." ಒಂದೂವರೆ ವರ್ಷ ಯಾರ ಮುಂದೆಯೂ ಹೇಳದ ಮಾತು ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.

"ಮೇಲೊಂದು ತೆಳು ಬಟ್ಟೆನಾದ್ರೂ ಹಾಕು."

"ಹಾಕಿದ್ರೆ ಒಣಗಲ್ಲ."

ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು ತಂತಿಯನ್ನೂ ಅವಳ ಕತ್ತನ್ನೂ ನೋಡಿದಳು. ಕೋಣೆ ಖಾಲಿ ಮಾಡು ಎಂದರೆ ಎಲ್ಲಿಗೆ ಹೋಗುವುದು ಎಂದುಕೊಳ್ಳುತ್ತಲೇ ಕಂಡಕ್ಟರಮ್ಮ ಮತ್ತೊಂದು ಕ್ಲಿಪ್ಪು ಹಾಕಿದಳು.

"ಹುಡುಗ್ರು ಒಂಬತ್ತಕ್ಕೆ ಹೋದ್ರೆ ಐದಕ್ಕೆ ಬರೋದು," ಎಂದಳು ಮನೆಯೊಡತಿ. "ಅಷ್ಟರೊಳಗೆ ತೆಗೀಬೇಕು."

"ನಂಗೆ ಡ್ಯೂಟಿ ಇರುತ್ತಲ್ಲ ಆಂಟಿ."

"ಅದೂ ಹೌದಾ!" ಅವಳು ಸಿಡಿಮಿಡಿಗೊಂಡು ಮೆಟ್ಟಿಲ ಕಡೆ ತಿರುಗಿದಳು. ಎರಡು ಮೆಟ್ಟಿಲು ಇಳಿದು ನಿಂತು, "ನಾಲ್ಕಕ್ಕೆ ನಾನೇ ತೆಗೆದು ನಿನ್ನ ಕಿಟಕೀಲಿ ಇಡ್ತೀನಿ ಬಿಡು" ಎಂದು ತನ್ನಷ್ಟಕ್ಕೆ ಗೊಣಗುವಂತೆ ಹೇಳಿ ಇಳಿದುಹೋದಳು.

ಆ ಧೈರ್ಯದ ಮೇಲೇ ತಂಗಿಗೆ ಫೋನು ಮಾಡಿದಳು. ಪೀಠಿಕೆ ಹಾಕಲಿಲ್ಲ. "ಪಿಳಿಪಿಳಿ ಕೆನ್ನೇಲಿ ಇದ್ದದ್ದು ನನ್ನಿಂದ ಬಂದದ್ದು ಕಣೇ. ನಂಗಿತ್ತು. ಆವತ್ತು ಸುಳ್ಳು ಹೇಳ್ದೆ" ಎಂದಳು.

"ಮಗೂದು ಮೂರು ವಾರಕ್ಕೆ ಹೋಯ್ತು," ಎಂದಳು ತಂಗಿ. "ಆಮೇಲೆ ನನ್ನ ಕೈಗೆ ಬಂತು. ನಮ್ಮತ್ತೆ ಏನಂದ್ರು ಗೊತ್ತಾ? ಕೊಳಕಿ, ಮಗು ಸಾಕೋಕೆ ಬರಲ್ಲ, ತಾಯಿ ಇಲ್ಲದೆ ಬೆಳೆದೋಳು ಅಂದ್ರು. ನಾನು ತಿಂಗಳುಗಟ್ಟಲೆ ಮನೆ ಉಜ್ಜಿದೀನಿ ಅಕ್ಕ, ಎಲ್ಲಿ ಕೊಳೆ ಇದೆ ಅಂತ ಹುಡುಕ್ಕೊಂಡು. ನೀನು ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ತಪ್ಪಾಯ್ತು."

"ಮಗು ಎದ್ದಿದೆ. ಇಡ್ತೀನಿ."

ಅಷ್ಟೇ. ಅವಳು ಬೈದಿದ್ದರೆ ಚೆನ್ನಾಗಿತ್ತು.

ವಾರಗಳು ಉರುಳಿದವು. ಮಾತ್ರೆಯ ಪಟ್ಟಿಗಳು ಒಂದೊಂದಾಗಿ ಖಾಲಿಯಾದವು. ತುರಿಕೆ ಮೂರನೆಯ ವಾರಕ್ಕೇ ನಿಂತಿತು. ಆದರೂ ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ. ಉಂಗುರಗಳು ಮಾಸಿ ಚಹಾದ ಕಲೆಗಳಂತಾದವು. ಸಂಜೆ ಕೋಣೆಗೆ ಬಂದರೆ ಕಿಟಕಿಯಲ್ಲಿ ಬಟ್ಟೆಗಳು ಮಡಿಸಿಟ್ಟಿರುತ್ತಿದ್ದವು. ಅವುಗಳಿಗೆ ಮುಖವೊಡ್ಡಿದರೆ ಬಿಸಿಲಿನ ವಾಸನೆ. ರಾತ್ರಿ ಪೂರ್ತಿ ನಿದ್ದೆ. ತಂಗಿಯ ಫೋನು ಮಾತ್ರ ಬರಲಿಲ್ಲ. ಇವಳು ಎರಡು ಸಲ ಮಾಡಿದಳು. ಎರಡು ಸಲವೂ ಅವಳ ಗಂಡ ಎತ್ತಿ, ಕೆಲಸದಲ್ಲಿದ್ದಾಳೆ ಎಂದ.

ಏಳನೆಯ ವಾರದ ಒಂದು ಮಧ್ಯಾಹ್ನ, ಬಸ್ಸು ಅರ್ಧ ಖಾಲಿ ಇದ್ದ ಹೊತ್ತಿನಲ್ಲಿ, ಗ್ರಂಥಾಲಯದ ನಿಲ್ದಾಣದಲ್ಲಿ ತಂಗಿ ಮಗುವನ್ನು ಎತ್ತಿಕೊಂಡು ಹತ್ತಿದಳು. ಇದು ಅವಳು ಓಡಾಡುವ ದಾರಿಯಲ್ಲ. ಕಂಡಕ್ಟರ್ ಸೀಟಿನ ಪಕ್ಕದಲ್ಲಿ ಕೂತು, ಎದುರಿಗೆ ನೋಡುತ್ತ, "ಮೂರು ಸ್ಟಾಪು. ಲಸಿಕೆ ಇದೆ" ಎಂದಳು.

"ಲಸಿಕೆ ನಿಮ್ಮನೆ ಹತ್ರಾನೇ ಕೊಡ್ತಾರಲ್ಲ?"

ತಂಗಿ ಟಿಕೆಟ್ಟಿನ ದುಡ್ಡು ಚಾಚಿದಳು. ಮಗು ಅಮ್ಮನ ಭುಜದ ಮೇಲಿಂದ ಕಂಡಕ್ಟರಮ್ಮನನ್ನು ದಿಟ್ಟಿಸಿತು. ಕಣ್ಣು ಮಿಟುಕಿಸುವುದು ಹಾಗೇ ಇತ್ತು, ಗುರುತು ಮಾತ್ರ ಇರಲಿಲ್ಲ. ಹೊಸಬರನ್ನು ನೋಡುವ ಹಾಗೆ ನೋಡಿ, ಮುಖ ಮರೆಸಿಕೊಂಡಿತು.

"ಹೇಗಿದೆ ಈಗ?" ಎಂದು ಕೇಳಿದಳು ತಂಗಿ.

"ಇನ್ನೊಂದು ವಾರ ಮಾತ್ರೆ. ಕಲೆ ಇದೆ ಅಷ್ಟೇ."

"ಅದು ನಿಧಾನಕ್ಕೆ ಹೋಗುತ್ತೆ. ನಂದೂ ಹೋಯ್ತು." ತಂಗಿ ತನ್ನ ಮುಂಗೈ ಒಮ್ಮೆ ತಿರುಗಿಸಿ ನೋಡಿಕೊಂಡಳು. ಕಂಡಕ್ಟರಮ್ಮನ ಕೈ ಮಗುವಿನ ಪಾದದ ಹತ್ತಿರವೇ ಇತ್ತು. ಅವಳು ಅದನ್ನು ಮುಂದಕ್ಕೂ ಚಾಚಲಿಲ್ಲ, ಹಿಂದಕ್ಕೂ ತೆಗೆಯಲಿಲ್ಲ.

ಮೂರನೆಯ ನಿಲ್ದಾಣದಲ್ಲಿ ತಂಗಿ ಎದ್ದಳು. "ಬರ್ತೀನಿ ಅಕ್ಕ" ಎಂದು ಇಳಿದಳು. ಕೆಳಗಿಳಿದವಳು ಮಗುವನ್ನು ಕಂಕುಳಿನಿಂದ ಇಳಿಸಿ ಪಾದಚಾರಿ ಹಾದಿಯ ಮೇಲೆ ನಿಲ್ಲಿಸಿದಳು. ಕಂಡಕ್ಟರಮ್ಮ ಕೊನೆಯ ಸಲ ನೋಡಿದಾಗ ಅದು ಅಂಬೆಗಾಲಿಡುತ್ತಿತ್ತು. ಈಗ ಅಮ್ಮನ ಒಂದು ಬೆರಳು ಹಿಡಿದು ನಿಂತು, ಆ ಬೆರಳನ್ನೂ ಬಿಟ್ಟು, ಎರಡೂ ಕೈಗಳನ್ನು ಅಗಲಿಸಿಕೊಂಡು ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ, ನಿಂತು, ತೂಗಾಡಿ, ಮತ್ತೊಂದು ಹೆಜ್ಜೆ ಹೊರಟಿತು.

ಕಂಡಕ್ಟರಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದಳು. ಸೀಟಿ ಊದಬೇಕಿತ್ತು. ಮುಂದೆ ಯಾರೋ ಹೊತ್ತಾಯಿತೆಂದು ಕೂಗಿದರು. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿ, ಗೇರಿನ ಮೇಲಿಟ್ಟ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.